ಐಲಾ ಎಲ್ಲರಿಗೂ ಕೊಡುವ ಕಾಫಿ

ಬೆಳಕು ಹರಿಯುವ ಮೊದಲೇ ಐಲಾ ಕೆಟೋಲಾ ತಾವು ಸ್ತನದ ಅಲ್ಟ್ರಾಸೌಂಡ್ ತೆಗೆಯುವ ಆಸ್ಪತ್ರೆಯ ಹಿಂಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತಾರೆ. ಒಳಗೆ ಬಂದವರೇ ಜೆಲ್ ಬಾಟಲಿಗಳನ್ನು ಬೆಚ್ಚಗಿಡುತ್ತಾರೆ. "ಎದೆ ಬಿಚ್ಚಿ ಮಲಗಿದವಳ ಮೇಲೆ ತಣ್ಣಗಿನ ಲೋಳೆ ಸುರಿಯೋದಾ? ಮೊದಲೇ ಹೆದರಿರ್ತಾಳೆ, ಪಾಪ." ಆಮೇಲೆ ಕಾಫಿಗೆ ನೀರಿಟ್ಟು, ಬಲಮೊಣಕೈ ಊರಲು ಟವೆಲ್ಲು ಸುತ್ತಿಡುತ್ತಾರೆ. ವರ್ಷಗಟ್ಟಲೆ ಸ್ಕ್ಯಾನಿಂಗ್ ಪ್ರೋಬ್ ಒತ್ತಿ ಒತ್ತಿ ಆ ಕೈಯ ಭುಜ ಸವೆದಿದೆ. ತಲೆ ಬಾಚಲು ಎಡಗೈಯೇ ಗತಿ.

ಅಮೆರಿಕದ ಸುಪೀರಿಯರ್ ಸರೋವರದ ದಂಡೆಯ ಈ ಹಳೇ ತಾಮ್ರದ ಗಣಿಯೂರಿನಲ್ಲಿ ಗಣಿ ಮಾಲೀಕರ ಹೆಸರಿನ ಬೀದಿಗಳಿವೆ. ಐಲಾ ಹೆಸರಿನ ಒಂದು ಬೆಂಚೂ ಇಲ್ಲ.

ಕೆಲವು ಹೆಂಗಸರ ಸ್ತನದಲ್ಲಿ ಕೊಬ್ಬು ಕಡಿಮೆ, ಗ್ರಂಥಿ ಮತ್ತು ನಾರು ಒತ್ತೊತ್ತಾಗಿರುತ್ತದೆ. ಮ್ಯಾಮೊಗ್ರಾಮ್‌ನಲ್ಲಿ ಅದೂ ಬಿಳಿ, ಕ್ಯಾನ್ಸರ್ ಗಂಟೂ ಬಿಳಿ. ಚಳಿಗಾಲದ ಬಿಳಿ ಮೊಲವನ್ನು ಹಿಮದಲ್ಲಿ ಹುಡುಕಿದ ಹಾಗೆ. ಅಲ್ಟ್ರಾಸೌಂಡ್‌ನಲ್ಲಿ ಗಂಟು ಸಾಮಾನ್ಯವಾಗಿ ಕಪ್ಪಗೆ ಕಾಣುತ್ತದೆ. ಹಾಗಂತ ಕಪ್ಪೆಲ್ಲ ಕ್ಯಾನ್ಸರಲ್ಲ. ಬರೀ ನೀರುಗುಳ್ಳೆಗೆ ಹೆದರಿ ನಿದ್ದೆಗೆಟ್ಟವರೂ ಇದ್ದಾರೆ. ಮ್ಯಾಮೊಗ್ರಾಮ್ ಬಿಡುವಂತೆಯೂ ಇಲ್ಲ. ಅದಕ್ಕೆ ಕಾಣುವುದು ಇದಕ್ಕೆ ಕಾಣದಿರಬಹುದು.

ಕಂಡದ್ದನ್ನು ಐಲಾ ಹೇಳುವಂತಿಲ್ಲ, ಡಾಕ್ಟರೇ ಹೇಳಬೇಕು. ಆದರೆ ಮಲಗಿದವಳ ಕಣ್ಣು ಪರದೆಯ ಮೇಲಿರುವುದಿಲ್ಲ, ಐಲಾ ಮುಖದ ಮೇಲಿರುತ್ತದೆ. ಐಲಾ ಮಾತು ನಿಲ್ಲಿಸಿದರೆ ಏನೋ ಕಂಡಿತೆಂದೇ ಅವಳ ಲೆಕ್ಕ. ಅದಕ್ಕೇ ಎಲ್ಲರ ಹತ್ತಿರವೂ ಒಂದೇ ಮಾತು: ಈ ಊರಿನ ಮನೆಮನೆಯಲ್ಲೂ ಸುಡುವ ಏಲಕ್ಕಿ ಬ್ರೆಡ್ಡು. ಮುಗಿದ ಮೇಲೆ ಎಲ್ಲರಿಗೂ ಕಾಫಿ.

ಸ್ಕೂಲ್ ಬಸ್ ಓಡಿಸುವ ರಿತ್ವಾ ಲಹ್ತಿ ಐಲಾರ ಇಸ್ಪೀಟಿನ ಗೆಳತಿ. ವರ್ಷ ವರ್ಷವೂ ಮ್ಯಾಮೊಗ್ರಾಮ್ ಮಾಡಿಸಿ "ಏನಿಲ್ಲ" ಎನಿಸಿಕೊಂಡು ಬಂದವರು. ಅವರದೂ ಒತ್ತೊತ್ತಾದ ಸ್ತನ; ಅಲ್ಲಿ ಕಾಣಲಿಲ್ಲ ಎನ್ನುವುದು ಬೇರೆ, ಇಲ್ಲ ಎನ್ನುವುದು ಬೇರೆ. ಇಷ್ಟು ಬಿಡಿಸಿ ಹೇಳಲು ಯಾವ ಪುಣ್ಯಾತ್ಮನಿಗೂ ಪುರುಸೊತ್ತಿರಲಿಲ್ಲ. ಡಾಕ್ಟರ ಹತ್ತಿರ ಅಲ್ಟ್ರಾಸೌಂಡಿಗೂ ಬರೆಸಿಕೊಂಡು ಬಾ ಎಂದು ಬೆನ್ನು ಬಿದ್ದವರು ಐಲಾ. ಹೋದ ಚಳಿಗಾಲದ ಆ ದಿನವನ್ನು ಈಗ ರಿತ್ವಾ ತಾವೇ ಎಲ್ಲರಿಗೂ ಹೇಳುತ್ತಾರೆ.

"ಬೇಗ ಮುಗ್ಸೇ, ಬಸ್ಸು ತೆಗೀಬೇಕು," ಎಂದಿದ್ದರು ಮಂಚದ ಮೇಲಿಂದ.

"ಸುಮ್ನೆ ಮಲಕ್ಕೊ. ಬ್ರೆಡ್ಡಿಗೆ ಏಲಕ್ಕಿ ಕುಟ್ಟಿ ಹಾಕ್ತೀಯೋ, ಅಂಗಡಿ ಪುಡೀನೋ?"

"ಅಂಗಡಿ ಪುಡಿ ಹಾಕೋಳು ನಿಮ್ಮತ್ತೆ."

ಆಗಲೇ ಪರದೆಯಲ್ಲಿ ಒಂದು ಕಪ್ಪು ಚುಕ್ಕೆ. ಅಂಚು ಹರಕು ಮುರುಕು, ಅಗಲಕ್ಕಿಂತ ಎತ್ತರ ಹೆಚ್ಚು; ನೀರುಗುಳ್ಳೆಯ ಲಕ್ಷಣವಲ್ಲ.

"ನಮ್ಮತ್ತೆ ಕುಟ್ಟೇ ಹಾಕ್ತಿದ್ರು ಕಣೆ," ಎಂದರು ಐಲಾ, ಅದೇ ದನಿಯಲ್ಲಿ. "ಸಿಪ್ಪೆ ಸಮೇತ."

ರಿತ್ವಾ ಎದ್ದು ಗುಂಡಿ ಹಾಕಿಕೊಳ್ಳತೊಡಗಿದರು. "ಕಾಫಿ ಬೇಡ ಇವತ್ತು."

ಡಾಕ್ಟರು ನೋಡುವ ಮೊದಲೇ ರಿತ್ವಾ ಹೊರಟುಬಿಟ್ಟರೆ ಮುಂದಿನ ಪರೀಕ್ಷೆ ಎಂದಿಗೋ. ಬಸ್ಸು, ಹಿಮ, ಮೊಮ್ಮಕ್ಕಳು, ಸಬೂಬಿಗೇನು ಬರ. ಹೋಗಬೇಡ ಎಂದರೆ ಗುಟ್ಟು ರಟ್ಟು.

"ಕುಡೀದೆ ಹೋದ್ರೆ ಶನಿವಾರ ಇಸ್ಪೀಟಲ್ಲಿ ನಿಂಗೆ ಎಲೆ ಹಾಕಲ್ಲ."

"ಹಾಳಾಗ್ಲಿ, ಅರ್ಧ ಲೋಟ ಕೊಡು."

ಆ ಅರ್ಧ ಲೋಟ ಮುಗಿಯುವುದರೊಳಗೆ ಡಾಕ್ಟರು ಚಿತ್ರ ನೋಡಿದರು, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು, ಅನುಮಾನ ಹೇಳಿದರು. ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರೇ ಎಂದಾಯಿತು. ಗಂಟು ಇನ್ನೂ ಚಿಕ್ಕದು, ತೆಗೆದರು. ರಿತ್ವಾ ಈಗ ಮತ್ತೆ ಬಸ್ಸು ಓಡಿಸುತ್ತಿದ್ದಾರೆ.

"ಇವಳ ಮುಖ ನೋಡಿ ಒಂದಿಷ್ಟಾದ್ರೂ ಗೊತ್ತಾಯ್ತಾ ನಂಗೆ? ಕಳ್ಳಿ," ಎಂದು ಎಲೆ ಕಲಸುತ್ತಾರೆ. "ಇಸ್ಪೀಟಲ್ಲೂ ಇದೇ ಬುದ್ಧಿ."

ತಾನೇ ಎದೆಯ ಮೇಲೆ ಸರಿದು ಚಿತ್ರ ತೆಗೆಯುವ ಯಂತ್ರ ಆಸ್ಪತ್ರೆಗೆ ಬರಲಿದೆಯಂತೆ. ಐಲಾಗೆ ಬೇಸರವಿಲ್ಲ. "ಬರ್ಲಿ, ಈ ಭುಜಕ್ಕೂ ಒಂದು ರಜೆ. ಕಾಫಿ ಮಾತ್ರ ನಿಲ್ಲಿಸ್ಬಾರ್ದು."

ಲೋಟಗಳನ್ನು ಸಾಲಾಗಿ ಇಡುತ್ತಾ ಸೇರಿಸುತ್ತಾರೆ: "ಎಲ್ರಿಗೂ ಕೊಡ್ಬೇಕು. ಗಂಟು ಇಲ್ದೋರೂ ಕುಡಿದ್ರೇನೇ, ಇರೋಳು ಡಾಕ್ಟ್ರು ಬರೋವರೆಗೂ ಹೆದರದೆ ಕೂತಿರ್ತಾಳೆ."