ಮೂರು ದಿಕ್ಕಿನ ವಾದ್ಯಗಳಿಗೆ ಒಬ್ಬನೇ ತಂತಿಯಣ್ಣ

ಬೆಳಗಿನ ಐದೂವರೆ. ಹೊಲಿಗೆ ಅಂಗಡಿಯ ಹಿಂದಿರುವ ತಾಲೀಮು ಕೋಣೆಯ ಬೀಗ ತೆಗೆದು ತಂತಿಯಣ್ಣ ಒಳಗೆ ಬರುತ್ತಾರೆ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಹಳೆಯ ಆರು ತಂತಿ ಬಿಚ್ಚಿ ಹೊಸವನ್ನು ಏರಿಸುತ್ತಾರೆ. ಒಂದೊಂದನ್ನೂ ಬೆರಳಿನಿಂದ ಎಳೆದು, ಸಡಿಲವಾದಷ್ಟು ಮತ್ತೆ ಬಿಗಿದು, ತಲೆ ಓರೆ ಮಾಡಿ ಕೇಳುತ್ತಾರೆ. ಆಮೇಲೆ ಡ್ರಮ್ಮಿನ ಸರದಿ. ಅಂಚಿನ ಪ್ರತಿ ತಿರುಪಿನ ಬಳಿ ತಟ್ಟಿ, ಎಲ್ಲ ಕಡೆ ಒಂದೇ ದನಿ ಬರುವವರೆಗೆ ಬಿಡುವವರಲ್ಲ. ಎಂಟು ಗಂಟೆಯೊಳಗೆ ಗಿಟಾರು ಊರಿನ ಒಂದು ತುದಿಗೆ, ಡ್ರಮ್ಮು ಇನ್ನೊಂದು ತುದಿಗೆ, ಹಾಡುಗಾರ್ತಿಯ ಕೀಬೋರ್ಡು ಮತ್ತೊಂದು ದಿಕ್ಕಿಗೆ ಹೊರಡಬೇಕು.

ಹದಿನಾಲ್ಕು ವರ್ಷ ಇವೆಲ್ಲ ಒಂದೇ ವ್ಯಾನಿನಲ್ಲಿ ಹೋಗುತ್ತಿದ್ದವು. ಕಳೆದ ವರ್ಷ ಬ್ಯಾಂಡಿನ ಮೂವರೂ ಒಂದು ವರ್ಷ ಬಿಡುವು ಎಂದು ಕೈಕುಲುಕಿ ಬೇರೆಯಾದರು. ಹಾಡುಗಾರ್ತಿ ಈಗ ಒಬ್ಬರೇ ಕೂತು ಮೆಲುದನಿಯ ಹಾಡು ಕಟ್ಟುತ್ತಿದ್ದಾರೆ. ಗಿಟಾರಿನವರು ಹೊಸ ಹುಡುಗರ ಜೊತೆ ಸೇರಿ ಗೋಡೆ ಅದುರುವಂತೆ ನುಡಿಸುತ್ತಿದ್ದಾರೆ. ಡ್ರಮ್ಮಿನವರು ಒಂದು ನೃತ್ಯ ತಂಡಕ್ಕೆ ಮಾತಿಲ್ಲದ ಸಂಗೀತ ಮಾಡುತ್ತಿದ್ದಾರೆ. ಆ ವರ್ಷ ಈ ತಿಂಗಳ ಕೊನೆಗೆ ಮುಗಿಯುತ್ತದೆ, ಕೋಣೆಯ ಬಾಡಿಗೆ ಕರಾರೂ ಅಂದೇ. ಒಬ್ಬರೂ ಇನ್ನೊಬ್ಬರಿಗೆ ಫೋನ್ ಮಾಡಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರಿಲ್ಲದಿದ್ದರೆ ಬ್ಯಾಂಡು ಮುಗಿದ ಹಾಗೆಯೇ. ಮೂರು ಕಡೆಯೂ ಕೆಲಸವಿರುವ ತಂತಿಯಣ್ಣನಿಗೆ ಹೊಟ್ಟೆಪಾಡಿನ ಚಿಂತೆಯಿಲ್ಲ. ಕಣ್ಣೆದುರೇ ಒಂದು ಮನೆ ಒಡೆಯುತ್ತಿದೆ ಎಂಬುದೇ ಅವರ ಸಂಕಟ.

ಅವರು ಮೂಲತಃ ಸೈಕಲ್ ರಿಪೇರಿಯವರು. ಚಕ್ರದ ಕಡ್ಡಿಗಳನ್ನು ಮೀಟಿ, ದನಿ ಕೇಳಿಯೇ ಬಿಗಿ ಸರಿಮಾಡುತ್ತಿದ್ದರು. ಸೊಟ್ಟ ಚಕ್ರ ತಂದ ಗಿಟಾರಿನವರು ಅದನ್ನು ನೋಡಿ, ಮರುದಿನ ಗಿಟಾರನ್ನೇ ತಂದು ಕೈಗಿಟ್ಟರಂತೆ. ಅಂದೇ ಸೈಕಲ್ ರಿಪೇರಿ ಬಿಟ್ಟರು. ವ್ಯಾನಿನ ಬಾಗಿಲಿಗೆ ಸಿಕ್ಕಿ ಎಡಗೈ ಕಿರುಬೆರಳು ಮಡಚದಂತಾಗಿದೆ. ಆದರೂ ದಿನಕ್ಕೆ ಆರು ತಂತಿ, ನಲವತ್ತು ತಿರುಪು, ಐದು ಬಸ್ಸು. ನರ್ಸ್ ಆಗಿರುವ ಹೆಂಡತಿ ನಗುತ್ತಾರೆ: "ಎರಡು ದೋಣಿ ಮೇಲೆ ಕಾಲಿಟ್ಟೋರನ್ನ ನೋಡಿದೀನಿ. ನಮ್ಮನೆಯವರದು ಮೂರು."

ಎಡವಿದ್ದೂ ಉಂಟು. ಹಾಡುಗಾರ್ತಿಯ ಗಂಟಲಿಗೆ ಹಿತವಾಗಲೆಂದು ಬ್ಯಾಂಡಿನ ಗಿಟಾರನ್ನು ಯಾವಾಗಲೂ ಅರ್ಧ ಸ್ವರ ಇಳಿಸಿ ಶ್ರುತಿ ಮಾಡುವುದು ರೂಢಿ. ಗಿಟಾರಿನವರ ಹೊಸ ತಂಡದ ಮೊದಲ ಕಾರ್ಯಕ್ರಮದ ದಿನವೂ ಕೈ ತನ್ನ ಪಾಡಿಗೆ ಇಳಿಸಿಬಿಟ್ಟಿತ್ತು. ಹದಿನಾಲ್ಕು ವರ್ಷದ ನಂಬಿಕೆ, ಗಿಟಾರಿನವರೂ ಪರೀಕ್ಷಿಸಲಿಲ್ಲ. ತುಂಬಿದ ಸಭೆಯಲ್ಲಿ ಉಳಿದವರದೊಂದು ದಾರಿ, ಗಿಟಾರಿನದೊಂದು ದಾರಿ. ಹೊಸ ಹುಡುಗರು ಕೆಂಡವಾದರು. ತಂತಿಯಣ್ಣ ನೆಲ ನೋಡುತ್ತ ನಿಂತಿದ್ದಾಗ ಗಿಟಾರಿನವರು ಹೆಗಲ ಮೇಲೆ ಕೈಯಿಟ್ಟು, "ಬಿಡಿ ಅಣ್ಣ, ನನ್ನ ಕಿವಿಗೂ ಅದೇ ಸರಿ ಅನ್ನಿಸ್ತು" ಎಂದರಂತೆ. ಇದನ್ನು ಹೇಳುವಾಗ ತಂತಿಯಣ್ಣನ ಕಣ್ಣು ಒದ್ದೆಯಾಗುತ್ತದೆ.

ಮೂವರ ಮನೆಗೂ ಈಗ ಹೋಗಿಬರುವವರು ಇವರೊಬ್ಬರೇ. ವಾದ್ಯ ಇಳಿಸುವ ಹೊತ್ತಿಗೆ ಉಳಿದಿಬ್ಬರ ಸುದ್ದಿ ಮೆಲ್ಲನೆ ಕೇಳದವರಿಲ್ಲ. ಅವಳು ಹೇಗಿದ್ದಾಳೆ ಎಂದರೆ, ಕೀಬೋರ್ಡು ಚೆನ್ನಾಗಿದೆ ಎನ್ನುತ್ತಾರೆ. ಅವನು ಹೇಗಿದ್ದಾನೆ ಎಂದರೆ, ಡ್ರಮ್ಮಿಗೆ ಹೊಸ ಚರ್ಮ ಹಾಕಿದ್ದೇನೆ ಎನ್ನುತ್ತಾರೆ. ಇಲ್ಲಿಯ ಮಾತು ಅಲ್ಲಿಗೆ ಹೊತ್ತು ಹಾಕುವುದು ಅವರ ಜಾಯಮಾನವಲ್ಲ. ಇಂಥ ಬಾಯಿ ಇದ್ದುದರಿಂದಲೇ ಮೂರು ಬಾಗಿಲುಗಳೂ ಅವರಿಗೆ ತೆರೆದಿವೆ.

ನಿಮ್ಮದೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಕೈಯಲ್ಲಿದ್ದ ಇಕ್ಕಳ ಕೆಳಗಿಡುತ್ತಾರೆ.

"ಮೂರೂ ಜನ ಬೇರೆ ಬೇರೆಯಾಗಿ ನನ್ನ ಹತ್ರ ಒಂದೇ ಮಾತು ಹೇಳಿದಾರೆ. ಅವರು ಕರೆದ್ರೆ ನಾಳೇನೇ ಬಂದ್ಬಿಡ್ತೀನಿ, ಆದ್ರೆ ನಾನು ಹೀಗಂದೆ ಅಂತ ಅವರಿಗೆ ಹೇಳ್ಬೇಡಿ ಅಂತ. ಮಾತು ಕೊಟ್ಟಿದೀನಿ, ಅವರಿಗೆ ನಾನು ಹೇಳಲ್ಲ."

ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಕೊಂಡಿ ಹಾಕುತ್ತಾರೆ. ಬಸ್ಸಿಗೆ ಹೊತ್ತಾಗಿದೆ.

"ನೀವೇನೂ ಮಾತು ಕೊಟ್ಟಿಲ್ವಲ್ಲ. ಮೂರು ಮನೆಗೂ ಭಾನುವಾರ ನಿಮ್ಮ ಪೇಪರ್ ಬರುತ್ತೆ. ಬರ್ಕೊಳ್ಳಿ."