ಮಗಳಿದ್ದ ಜಾಗದಲ್ಲಿ ಮಾಧವ

ಮೊನ್ನೆ ಚಿಂತಾಮಣಿ ಬಸ್ಸಿನಲ್ಲಿ ಪಕ್ಕದ ಸೀಟಿನವರು ನಶ್ಯದ ಡಬ್ಬಿ ತೆಗೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಸಂಗೀತದ ಮೇಷ್ಟ್ರು ಎದುರಿಗೆ ಬಂದು ಕೂತಂತಾಯಿತು. ಗುರುಗಳ ನೆನಪಾದರೆ ಬೇರೆಯವರಿಗೆ ಕೈ ಮುಗಿಯಬೇಕು ಅನ್ನಿಸುತ್ತದಂತೆ. ನನಗೆ ಕಿಟಕಿಯಾಚೆ ಉಗುಳಬೇಕು ಅನ್ನಿಸಿತು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಅಪ್ಪ ಶಿಡ್ಲಘಟ್ಟದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಗಂಡಿಗಾಗಿ ಕಾಯುತ್ತಿದ್ದವಳು. ನೋಡಲು ಬಂದವರು ಒಂದು ಹಾಡು ಹೇಳು ಅಂದಾಗ ಮಾನ ಹೋಗಬಾರದಲ್ಲ, ಅದಕ್ಕೆ ಮೇಷ್ಟ್ರನ್ನು ಗೊತ್ತು ಮಾಡಿದ್ದರು. ಜರಿಯಂಚಿನ ಶಲ್ಯ, ಹಣೆಗೆ ಗಂಧ, ನಡಿಗೆಯಲ್ಲಿ ಊರನ್ನೇ ಉದ್ಧಾರ ಮಾಡುತ್ತಿರುವ ಗತ್ತು. ನನ್ನ ಸ್ವರ ತಪ್ಪಿದರೆ ನಶ್ಯ ಏರಿಸಿ ಜೋರಾಗಿ ಸೀನುತ್ತಿದ್ದರು. ಅವರ ಸ್ವಂತ ರಚನೆ ಅಂತ ಇದ್ದದ್ದು ಆ ಸೀನೊಂದೇ...

ನಮ್ಮ ಹಿತ್ತಲ ಗೋಡೆಯಾಚೆ ಒಬ್ಬ ಅಕ್ಕನ ಮನೆ. ಚಪ್ಪರದಡಿ ರೇಷ್ಮೆಗೂಡು ಬೇಯಿಸಿ, ಚರಕದಲ್ಲಿ ನೂಲು ತೆಗೆಯುತ್ತಿದ್ದಳು. ಬಿಸಿನೀರಿಗೆ ಕೈಯದ್ದಿ ಅದ್ದಿ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಏಳು ವರ್ಷದ ಮಗಳು ದಡಾರ ಬಂದು ತೀರಿಕೊಂಡ ಮೇಲೆ ಅಕ್ಕ ತಾನೇ ಹಾಡು ಕಟ್ಟತೊಡಗಿದಳು. ಯಾರೂ ಕಲಿಸಿದ್ದಲ್ಲ, ಯಾರಿಗೂ ಕೇಳಿಸಲೆಂದಲ್ಲ. ಚರಕ ತಿರುಗಿದ ಹಾಗೆ ಹಾಡು ತಿರುಗುತ್ತಿತ್ತು. 'ಎಳೆ ಹರಿದರೆ ಸೇರಿಸಬಲ್ಲೆ, ನಿನ್ನೆಲ್ಲಿ ಹುಡುಕಲೇ ಮಗಳೇ...'

ನನಗೂ ಹೇಳಿಕೊಡು ಅಂತ ಗೋಡೆಯ ಹತ್ತಿರ ನಿಂತು ಕೇಳಿದೆ. "ಇದೇನು ಸಂಗೀತನಾ ತಲ್ಲಿ? ನನ್ನ ಸಂಕಟ ಕಣಮ್ಮ," ಎಂದು ತೆಲುಗು ಬೆರೆಸಿ ಹೇಳಿ ನಕ್ಕಳು. ಆದರೂ ಐದೂ ನುಡಿ ಹೇಳಿಕೊಟ್ಟಳು.

ನಾನು ದಡ್ಡಿ, ಅದನ್ನು ಮೇಷ್ಟ್ರ ಮುಂದೆ ಹಾಡಿದೆ.

"ಥೂ, ಇದಕ್ಕೆ ರಾಗ ಇದೆಯಾ, ತಾಳ ಇದೆಯಾ? ಗೂಡು ಬೇಯಿಸೋರ ಗೋಳು ಕಣೇ ಇದು," ಅಂದರು. ಒಂದು ಚಿಟಿಕೆ ನಶ್ಯ ಏರಿಸಿ, "ಎಲ್ಲಿ, ಇನ್ನೊಂದ್ಸಲ ಹಾಡು," ಅಂದರು. ಹಾಗೆ ಮೂರು ಸಲ ಹಾಡಿಸಿದರು. ನನ್ನ ಸ್ವರ ತಿದ್ದುತ್ತಿದ್ದಾರೆ ಅಂದುಕೊಂಡೆ.

ನಾಲ್ಕಾರು ತಿಂಗಳಾದ ಮೇಲೆ ಹೈಸ್ಕೂಲು ಹಾಲಿನಲ್ಲಿ ಮೇಷ್ಟ್ರ ಸಂಗೀತ ಕಚೇರಿ. ಶುರುವಿಗೆ ದೇವರನಾಮ ನನ್ನದು. ಅಕ್ಕನನ್ನೂ ಬಾ ಅಂತ ಕರೆದಿದ್ದೆ. ಒಗೆದ ಸೀರೆ ಉಟ್ಟು ಬಂದು ಹಿಂದಿನ ಚಾಪೆಯಲ್ಲಿ ಕೂತಿದ್ದಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಇದು ತಮ್ಮ ಹೊಸ ಕೃತಿ ಅಂತ ಹೇಳಿ ಶುರು ಮಾಡಿದರು. ಅದೇ ಧಾಟಿ. ಎಳೆ ಹೋಗಿ ಬಾಳಿನ ಎಳೆಯಾಗಿತ್ತು. ಮಗಳು ಹೋಗಿ ಮಾಧವ ಬಂದಿದ್ದ. ಜನ ತಲೆದೂಗಿದರು.

ಹಾಡು ಮುಗಿದಾಗ ಅಕ್ಕ ಎದ್ದು ನಿಂತಳು. "ಅಯ್ಯಾ, ಅದು ಮಾಧವ ಅಲ್ಲ. ಅಲ್ಲಿ ನನ್ನ ಮಗಳಿದ್ದಾಳೆ."

ಯಾರೋ ನಕ್ಕರು. ಮೇಷ್ಟ್ರಿಗೆ ಸಿಟ್ಟೂ ಬರಲಿಲ್ಲ. "ಪಾಪ, ಮಗು ಕಳಕೊಂಡೋಳು. ಯಾವ ಹಾಡು ಕೇಳಿದ್ರೂ ತನ್ನದೇ ಅನ್ಸುತ್ತೆ," ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ನೀನೇ ಹೇಳಮ್ಮ. ಈ ಹಾಡು ನಿನಗೆ ಕಲಿಸಿದ್ಯಾರು?"

ಮೊದಲ ಸಾಲಿನಲ್ಲಿ ಗೌರಿಬಿದನೂರಿನ ಗಂಡಿನ ಅಪ್ಪ ಅಮ್ಮ ಕೂತಿದ್ದರು. ಆ ಸಂಬಂಧ ಕೂಡಿಸುತ್ತಿದ್ದವರೇ ಮೇಷ್ಟ್ರು.

"ನೀವೇ, ಮೇಷ್ಟ್ರೇ," ಅಂದೆ.

ಅಕ್ಕ ನನ್ನನ್ನು ನೋಡಿದಳು. ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು. ಮಾರನೇ ದಿನ ಗೋಡೆಯ ಹತ್ತಿರ ನಿಂತು "ಅಕ್ಕಾ..." ಅಂದೆ. "ನೀರು ಕಾದಿದೆ, ಹೋಗಮ್ಮ," ಅಂದಳು. ಅವತ್ತಿನಿಂದ ಗೋಡೆಯಾಚೆಯಿಂದ ಬಂದದ್ದು ಬರೀ ಚರಕದ ಸದ್ದು. ವರ್ಷ ತುಂಬುವುದರೊಳಗೆ ಪೆರೇಸಂದ್ರದ ತಮ್ಮನ ಮನೆಗೆ ಹೊರಟುಹೋದಳು. ಮತ್ತೆ ನೋಡಲಿಲ್ಲ.

ನನ್ನ ಮದುವೆ ನಡೆಯಿತು. ಆರತಕ್ಷತೆಯಲ್ಲಿ ಮೇಷ್ಟ್ರು ಆಶೀರ್ವಾದ ಅಂತ ಅದೇ ಹಾಡನ್ನು ಹಾಡಿದರು, ಸತ್ತ ಮಗುವಿನ ಹಾಡನ್ನು! ನಾನು ಹಾರ ಹಾಕಿಕೊಂಡು ಕೂತು ಕೇಳಿದೆ. ನಮಸ್ಕಾರವನ್ನೂ ಮಾಡಿದೆ.

ಮೇಷ್ಟ್ರು ಹೋಗಿ ಎಷ್ಟೋ ವರ್ಷಗಳಾದವು. ಊರವರು ಈಗಲೂ ಆ ಹಾಡನ್ನು ಹಾಡಿ, ಅವರನ್ನು ದೊಡ್ಡ ವಾಗ್ಗೇಯಕಾರರು ಅನ್ನುತ್ತಾರೆ. ಕೇಳಿದರೆ ನಗು ಬರುತ್ತದೆ. ಆದರೆ ಅವರು ಕದ್ದದ್ದು ಹಾಡನ್ನು ಮಾತ್ರ. ಅದಕ್ಕೆ ಸಾಕ್ಷಿ ಹೇಳಿ, ಬಾಳು ಕಟ್ಟಿಕೊಂಡವಳು ನಾನು. ಅವರ ಮೇಲಿರುವ ಅಸಹ್ಯ ನನ್ನ ಮೇಲಿರುವುದರ ಅರ್ಧವೂ ಅಲ್ಲ.

ಅವತ್ತು ಬಸ್ಸಿಳಿದು ಮನೆಗೆ ಬಂದು, ಅಕ್ಕನ ಹಾಡನ್ನಾದರೂ ಬರೆದಿಡೋಣ ಅಂತ ಕಾಗದ ಹಿಡಿದು ಕೂತೆ. ಮೊದಲ ಸಾಲು ಬಂತು. ಎರಡನೇ ನುಡಿಯಲ್ಲಿ ಮಗುವಿನ ಲಂಗ ಬರುತ್ತಿತ್ತು, ಇಲ್ಲ, ಬಳೆಯೋ... ಎಷ್ಟು ಹೊತ್ತು ಕೂತರೂ ಅಕ್ಕನ ಮಾತು ಮುಂದಕ್ಕೆ ಬರಲಿಲ್ಲ. ಮಾಧವ ಮಾತ್ರ ಐದೂ ನುಡಿ, ಒಂದಕ್ಷರ ತಪ್ಪದೆ ಬಂದ.