ಸೋಪಿನ ಸರದಿ ಮಧ್ಯಾಹ್ನದ ಮೇಲೆ

ಬೆಳಗಿನ ಐದೂಮುಕ್ಕಾಲು. ಬಟ್ಟೆ ಅಂಗಡಿಯ ಮುಂದಿನ ಷಟರ್ ಇನ್ನೂ ಮುಚ್ಚಿದೆ. ಹಿಂಬದಿಯ ಗೋದಾಮಿನಲ್ಲಿ ಮಾತ್ರ ಟ್ಯೂಬ್‌ಲೈಟ್ ಉರಿಯುತ್ತಿದೆ. ಐವತ್ತೆರಡರ ಮಹಿಳೆಯೊಬ್ಬರು ಖಾಲಿ ರಟ್ಟಿನ ಪೆಟ್ಟಿಗೆಯೊಳಗೆ ಮುಖ ಇಳಿಸಿ ಮೂಸುತ್ತಾರೆ. ಆಮೇಲಷ್ಟೇ ಅಂಗೈಯಗಲದ ಬಿಳಿ ಅಂಗಿಯೊಂದು ಅದರೊಳಗೆ ಹೋಗುತ್ತದೆ. ಜೊತೆಯವರು ಅವರಿಗಿಟ್ಟ ಹೆಸರು ಮೂಸಕ್ಕ. ಕರೆದರೆ ಓಗೊಡುತ್ತಾರೆ, ಬೇಸರವಿಲ್ಲ.

ಈ ಅಂಗಡಿ ತನ್ನ ಬಟ್ಟೆಯ ಜೊತೆಗೆ ಬೇರೆ ಹನ್ನೊಂದು ಬ್ರ್ಯಾಂಡ್‌ಗಳ ಆನ್‌ಲೈನ್ ವ್ಯಾಪಾರವನ್ನೂ ನಡೆಸಿಕೊಡುತ್ತದೆ. ಮಾಲು ಆ ಕಂಪನಿಗಳದ್ದು. ಆರ್ಡರ್ ಹಿಡಿಯುವುದು, ಕಟ್ಟುವುದು, ಕಳಿಸುವುದು, ವಾಪಸ್ ಬಂದದ್ದನ್ನು ತೆಗೆದುಕೊಳ್ಳುವುದು ಇವರದ್ದು. ಪೆಟ್ಟಿಗೆಯ ಮೇಲೆ ಅಂಗಡಿಯ ಹೆಸರೇ ಇರುವುದಿಲ್ಲ, ಇನ್ನು ಮೂಸಕ್ಕನದು ಎಲ್ಲಿಂದ ಬರಬೇಕು?

ಹದಿನಾಲ್ಕು ವರ್ಷ ಅವರು ಮುಂದಿನ ಕೌಂಟರಿನಲ್ಲಿ ಬಟ್ಟೆ ಮಡಚಿದವರು. ಗಿರಾಕಿಗಳು ಫೋನಿನಲ್ಲೇ ಕೊಳ್ಳತೊಡಗಿದ ಮೇಲೆ ಗೋದಾಮಿಗೆ ಬಂದರು. ಈಗ ದಿನಕ್ಕೆ ನೂರೆಂಬತ್ತು ಪೆಟ್ಟಿಗೆ ಕಟ್ಟುತ್ತಾರೆ. "ಆಗ ಗಿರಾಕಿ ಮುಖ ನೋಡ್ತಿದ್ದೆ, ಈಗ ವಿಳಾಸ ನೋಡ್ತೀನಿ. ಮೊಣಕಾಲು ಮಾತ್ರ ಎರಡು ಕಡೆನೂ ಒಂದೇ ಥರ ನೋಯುತ್ತೆ," ಎನ್ನುತ್ತಾರೆ.

ಕಳೆದ ತಿಂಗಳು ಎಳೆಮಕ್ಕಳ ಬಟ್ಟೆಯ ಬ್ರ್ಯಾಂಡ್ ತಕರಾರು ತೆಗೆಯಿತು. ಬಟ್ಟೆಗೆ ಏನೋ ವಾಸನೆ ಎಂದು ಅರವತ್ಮೂರು ಪೆಟ್ಟಿಗೆ ವಾಪಸ್ ಬಂದಿದ್ದವು. ಈ ತಿಂಗಳು ಅಂಥ ದೂರು ಐದು ದಾಟಿದರೆ ಗುತ್ತಿಗೆ ರದ್ದು. ಗೋದಾಮಿನ ಆರು ಜನರಲ್ಲಿ ಮೂವರು ಮನೆಗೆ. ಮೊದಲ ಅನುಮಾನ ಮೂಸಕ್ಕನ ಮೇಲೆ.

"ಕೈಗೆ ಏನ್ ಹಚ್ಕೋತೀರಮ್ಮ ಅಂದ್ರು ಮ್ಯಾನೇಜರ್. ಏನೂ ಇಲ್ಲ ಸಾರ್, ಬೇಕಾದ್ರೆ ಮೂಸಿ ನೋಡಿ ಅಂತ ಕೈ ಮುಂದೆ ಹಿಡಿದೆ. ಪಾಪ, ಎರಡು ಹೆಜ್ಜೆ ಹಿಂದೆ ಹೋದ್ರು!"

ಮೂಸಕ್ಕನಿಗೆ ಬೇರೆಯೇ ಗುಮಾನಿ. ಖಾಲಿ ರಟ್ಟುಗಳ ರಾಶಿ ಇದ್ದದ್ದು ಇನ್ನೊಂದು ಬ್ರ್ಯಾಂಡಿನ ಸುಗಂಧದ ಸೋಪುಗಳ ಪಕ್ಕದಲ್ಲಿ. ಒಂದೇ ಕಟ್ಟಿನ ಎರಡು ಅಂಗಿ ತೆಗೆದುಕೊಂಡು, ಒಂದನ್ನು ಆ ರಾಶಿಯ ಪೆಟ್ಟಿಗೆಯಲ್ಲೂ ಇನ್ನೊಂದನ್ನು ಹೊಸದಾಗಿ ಬಂದ ಪೆಟ್ಟಿಗೆಯಲ್ಲೂ ಮೂರು ದಿನ ಇಟ್ಟರು. ಆಮೇಲೆ ಪಕ್ಕದ ಮೇಜಿನಾಕೆಯ ಕಣ್ಣು ಕಟ್ಟಿ, ಅಂಗಿಗಳನ್ನು ಅದಲುಬದಲು ಮಾಡುತ್ತಾ ಹತ್ತು ಸಲ ಮೂಸಿಸಿದರು. ಹತ್ತೂ ಸಲ ಆಕೆ ಸೋಪಿನ ಪಕ್ಕದ ರಾಶಿಯದನ್ನೇ ಹಿಡಿದರು. "ಮದ್ವೆಗೆ ಮುಂಚೆ ಗಂಡನ್ನೂ ನಾನು ಇಷ್ಟು ಪರೀಕ್ಷೆ ಮಾಡಿರ್ಲಿಲ್ಲ," ಎಂದು ಆಕೆ ಈಗಲೂ ಗೊಣಗುತ್ತಾರೆ.

ರಟ್ಟುಗಳು ಬಾಗಿಲ ಬಳಿಗೆ ಹೋದವು. ಒರೆಸಿದ ಮೇಜಿನ ಮೇಲೆ ಮೊದಲು ಮಕ್ಕಳ ಬಟ್ಟೆ. ಸೋಪಿನ ಸರದಿ ಮಧ್ಯಾಹ್ನದ ಮೇಲೆ. ಮೂಸಕ್ಕ ನಸುಕಿಗೇ ಬರುವುದು ಇದಕ್ಕಾಗಿ.

ಇವತ್ತು ಗಡುವಿನ ಕೊನೆಯ ದಿನ. ಹಳೆಯ ರಟ್ಟಿನಲ್ಲಿ ಹೋಗಿದ್ದ ಐದು ಪೆಟ್ಟಿಗೆ ಆಗಲೇ ವಾಪಸ್ ಬಂದಿವೆ. ಹತ್ತಕ್ಕೆ ಕೊರಿಯರ್ ವ್ಯಾನು ಮಕ್ಕಳ ಬಟ್ಟೆಯ ಇನ್ನೊಂದು ಪೆಟ್ಟಿಗೆ ಇಳಿಸುತ್ತದೆ. ಇದೂ ವಾಸನೆಯದ್ದಾದರೆ ಆರನೆಯ ದೂರು. ಮೂಸಕ್ಕ ಅಂಟುಪಟ್ಟಿ ಸೀಳಿ, ಅಂಗಿಯನ್ನು ಮೂಗಿಗೆ ಹಿಡಿದು, ಒಳಗಿನ ಚೀಟಿ ಓದಿ ನಗುತ್ತಾರೆ.

"ಅಳತೆ ಚಿಕ್ಕದಾಯ್ತಂತೆ! ಮಗು ಬೆಳೆದ್ರೆ ಅದಕ್ಕೂ ನಾನೇ ಹೊಣೆನಾ?"

"ಉಳ್ಕೊಂಡ್ವಿ ಬಿಡಿ," ಎನ್ನುತ್ತಾ ಮ್ಯಾನೇಜರ್ ಕುರ್ಚಿಗೆ ಒರಗುತ್ತಾರೆ.

ನಿಮಗೇನು ಆಸೆ ಎಂದರೆ ಮೂಸಕ್ಕ ಮುಂದಿನ ಪೆಟ್ಟಿಗೆ ಬಿಚ್ಚುತ್ತಲೇ ಉತ್ತರಿಸುತ್ತಾರೆ: "ಒಂದ್ಸಲ ನಮ್ಮನೆಗೂ ಒಂದು ಪೆಟ್ಟಿಗೆ ಬರ್ಬೇಕು. ಬೇರೆ ಯಾರೋ ಕಟ್ಟಿರ್ಬೇಕು. ಕಾಲು ಚಾಚ್ಕೊಂಡು ಕೂತು, ನಿಧಾನಕ್ಕೆ ತೆಗೆದು, ಮೂಸಿ, ತಪ್ಪು ಹುಡುಕ್ಬೇಕು."